ಕೆಳದಿ, ಇಕ್ಕೇರಿ, ಬಿದನೂರು: ರಾಜಧಾನಿ ನೋಡಹೊರಟವರ ಪ್ರಶ್ನೆಗಳು

ಮಲೆನಾಡಿನ ಕೋಟೆ-ಪೇಟೆಗಳನ್ನು ಮಾರ್ಗದರ್ಶಿಯ ಜೊತೆಯಲ್ಲಿ ನೋಡಬಯಸುವವರು ತಮ್ಮ ಸಂದೇಹಗಳನ್ನು ಬರೆದು ಕಳುಹಿಸಬೇಕೆಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕೆಳದಿ ಅರಸರ ಮೂರು ರಾಜಧಾನಿಗಳನ್ನು ಕುರಿತವೇ ಆಗಿರುವುದರಿಂದ ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಲಾಗಿದೆ.

ಪ್ರಶ್ನೆ: ನಾವು ಮನೆಮಂದಿಯೆಲ್ಲ ಸೇರಿ ಬಾಡಿಗೆ ವ್ಯಾನು ಮಾಡಿಕೊಂಡು ಕೆಳದಿ ನಾಯಕರ ರಾಜಧಾನಿಗಳನ್ನು ನೋಡಬೇಕೆಂದಿದ್ದೇವೆ. ಪ್ರವಾಸ ಏರ್ಪಡಿಸುವವರು ಬೆಳಿಗ್ಗೆ ಜೋಗ, ಮಧ್ಯಾಹ್ನ ಇಕ್ಕೇರಿ, ಸಂಜೆ ನಗರದ (ಹಳೆಯ ಬಿದನೂರಿನ) ಕೋಟೆ ಎಂದು ಪಟ್ಟಿ ಕೊಟ್ಟಿದ್ದಾರೆ. ಕೆಳದಿ ಅದರಲ್ಲಿ ಇಲ್ಲವೇ ಇಲ್ಲ. ಇದು ಸರಿಯೇ? (ದಾವಣಗೆರೆಯಿಂದ ಓದುಗರೊಬ್ಬರು)

ಉತ್ತರ: ಸರಿಯಲ್ಲ. ಜೋಗವನ್ನು ದಯವಿಟ್ಟು ಬೇರೊಂದು ದಿನಕ್ಕೆ ಇಟ್ಟುಕೊಳ್ಳಿ. ಜಲಪಾತದ ಮುಂದೆ ಅರ್ಧ ದಿನ ಕಳೆದು ಬಂದವರಿಗೆ ಇಕ್ಕೇರಿಯ ಕಲ್ಲುಕಂಬಗಳ ಮುಂದೆ ನಿಲ್ಲುವ ತಾಳ್ಮೆ ಉಳಿದಿರುವುದಿಲ್ಲ. ಕತ್ತಲಾಗುವ ಹೊತ್ತಿಗೆ ನಗರವನ್ನು ತಲುಪಿದರೆ ಕೋಟೆಯ ಹೆಬ್ಬಾಗಿಲ ಎದುರು ಒಂದು ಫೋಟೋ ತೆಗೆಸಿಕೊಂಡು ಮರಳುವುದಷ್ಟೇ ಆಗುತ್ತದೆ.

ಕೆಳದಿಯನ್ನು ಬಿಡುವುದಂತೂ ಕೂಡದು. 1499ರ ಸುಮಾರಿಗೆ ಚೌಡಪ್ಪ ನಾಯಕನಿಂದ ಮೊದಲಾದ ಈ ಅರಸುಮನೆತನ ವಿಜಯನಗರದ ಸಾಮಂತಿಕೆಯಲ್ಲಿ ಬೆಳೆದು, ಆಮೇಲೆ ಸ್ವತಂತ್ರವಾಗಿ, 1763ರಲ್ಲಿ ಹೈದರಾಲಿಯ ಕೈಯಲ್ಲಿ ಕೊನೆಗೊಂಡಿತು. ಈ ಅವಧಿಯಲ್ಲಿ ರಾಜಧಾನಿ ಕೆಳದಿಯಿಂದ ಇಕ್ಕೇರಿಗೂ, 1639ರ ಸುಮಾರಿಗೆ ಇಕ್ಕೇರಿಯಿಂದ ಬಿದನೂರಿಗೂ, ಅಂದರೆ ಇಂದಿನ ನಗರಕ್ಕೂ, ಸರಿಯಿತು. ನೋಡುವವರು ಕೂಡ ಅದೇ ಕ್ರಮದಲ್ಲಿ ಸಾಗಿದರೆ ಬಯಲಿನಂಥ ತೆರೆದ ಜಾಗದಿಂದ ಘಟ್ಟದ ಅಂಚಿನ ದಟ್ಟ ಕಾಡಿನತ್ತ ರಾಜ್ಯ ಏಕೆ ಹಿಂದೆ ಸರಿಯಿತು ಎಂಬುದು ವ್ಯಾನಿನ ಕಿಟಕಿಯಲ್ಲಿಯೇ ಅರ್ಧ ತಿಳಿಯುತ್ತದೆ.

ಹಿಂದಿನ ರಾತ್ರಿಯೇ ಸಾಗರಕ್ಕೆ ಬಂದು ತಂಗಿರಿ. ಆ ಊರೂ ಇದೇ ಕಥೆಯ ಭಾಗ. ಸದಾಶಿವ ನಾಯಕನು ಕಟ್ಟಿಸಿದ ಸದಾಶಿವಸಾಗರವೆಂಬ ಕೆರೆಯೇ, ಅಂದರೆ ಈಗಿನ ಗಣಪತಿ ಕೆರೆಯೇ, ಊರಿಗೆ ಹೆಸರು ತಂದಿತು. ಬೆಳಿಗ್ಗೆ ಮೊದಲು ಉತ್ತರಕ್ಕೆ ಏಳೆಂಟು ಕಿಲೋಮೀಟರು ದೂರದ ಕೆಳದಿಗೆ ಹೋಗಿ. ರಾಮೇಶ್ವರ, ವೀರಭದ್ರ, ಪಾರ್ವತಿಯರ ಗುಡಿಗಳು ಅಲ್ಲಿ ಒಂದೇ ಆವರಣದಲ್ಲಿವೆ. ವೀರಭದ್ರನ ಗುಡಿಯಲ್ಲಿ ತಲೆಯೆತ್ತಿ ನೋಡಿದರೆ ಆನೆ, ಸಿಂಹಗಳನ್ನು ಹಿಡಿದ ಗಂಡಭೇರುಂಡ ಕಾಣುತ್ತದೆ. ಪಾರ್ವತಿಯ ಗುಡಿಯ ಮುಚ್ಚಿಗೆಯ ಮರಗೆಲಸ ಅದಕ್ಕೂ ಹೆಚ್ಚು ಹೊತ್ತು ನಿಲ್ಲಿಸುವಂಥದು. ಇತಿಹಾಸ ವಿದ್ವಾಂಸ ಕೆಳದಿ ಗುಂಡಾ ಜೋಯಿಸರು ಶ್ರಮಪಟ್ಟು ಬೆಳೆಸಿದ ವಸ್ತುಸಂಗ್ರಹಾಲಯವೂ ಅದೇ ಊರಿನಲ್ಲಿದೆ. ಅಲ್ಲಿನ ಓಲೆಗರಿಗಳನ್ನು ಕಂಡ ಮೇಲೆ ಅರಸರ ಹೆಸರುಗಳು ಬಾಯಿಪಾಠದ ಪಟ್ಟಿಯಾಗಿ ಉಳಿಯುವುದಿಲ್ಲ. ರಜೆಯ ದಿನ ಯಾವುದೆಂದು ಮುಂಚಿತವಾಗಿ ವಿಚಾರಿಸಿಕೊಳ್ಳಿ.

ಆಮೇಲೆ ಇಕ್ಕೇರಿ, ಸಾಗರದಲ್ಲಿ ಊಟ, ಅಲ್ಲಿಂದ ಹೊಸನಗರದ ಮಾರ್ಗವಾಗಿ ಸುಮಾರು 50 ಕಿಲೋಮೀಟರು ದೂರದ ನಗರ. ಒಂದೇ ದಿನವೆಂದರೆ ಇಷ್ಟನ್ನು ಮಾಡಬಹುದು. ಎರಡು ದಿನವಿದ್ದರೆ ನಗರಕ್ಕೆ ಇಡೀ ದಿನ ಕೊಡಿ ಎಂದೇ ನಮ್ಮ ಸಲಹೆ.

ಪ್ರಶ್ನೆ: ನಮ್ಮ ಮನೆ ಇಕ್ಕೇರಿಯ ಹತ್ತಿರವೇ ಇದೆ. ಬೆಂಗಳೂರಿನಿಂದ ಬರುವ ನೆಂಟರಿಷ್ಟರಿಗೆಲ್ಲ ನಾನೇ ಊರು ತೋರಿಸುತ್ತೇನೆ. ಅಘೋರೇಶ್ವರ ದೇವಸ್ಥಾನ ನೋಡಿದ ಮೇಲೆ ಎಲ್ಲರೂ ಕೇಳುವುದು ಒಂದೇ ಮಾತು: “ರಾಜಧಾನಿ ಎಲ್ಲಿ, ಅರಮನೆ ಎಲ್ಲಿ?” ಏನು ಹೇಳಬೇಕೋ ತೋಚುವುದಿಲ್ಲ. (ಸಾಗರ ತಾಲ್ಲೂಕಿನಿಂದ ಗೃಹಿಣಿಯೊಬ್ಬರು)

ಉತ್ತರ: ಹಂಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಹೀಗನ್ನಿಸುವುದು ಸಹಜ. ಆದರೆ ಇಕ್ಕೇರಿ ಕಲ್ಲಿನ ಊರಾಗಿರಲಿಲ್ಲ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ, ಹಿರಿಯ ವೆಂಕಟಪ್ಪ ನಾಯಕನ ಆಳ್ವಿಕೆಯಲ್ಲಿ, ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಲ್ಲಿಗೆ ಬಂದಿದ್ದನು. ಊರೊಳಗೆ ಬರಲು ಮೂರು ಬಾಗಿಲುಗಳನ್ನು ದಾಟಬೇಕಾಯಿತೆಂದೂ, ಮೂರು ಸುತ್ತಿನ ಆವರಣಗಳಲ್ಲಿ ಮೊದಲನೆಯದು ಗೋಡೆಯೇ ಅಲ್ಲದೆ ಒತ್ತೊತ್ತಾಗಿ ಬೆಳೆಸಿದ ಎತ್ತರದ ಬಿದಿರಿನ ಮೆಳೆಯೆಂದೂ ಅವನು ಬರೆದಿದ್ದಾನೆ. ಊರಿನ ಸುತ್ತಳತೆ ದೊಡ್ಡದಾದರೂ ಮನೆಗಳು ವಿರಳವಾಗಿದ್ದವು, ಬೀದಿಗಳು ಅಗಲವಾಗಿ ನೆರಳಿನಿಂದ ಕೂಡಿದ್ದವು, ಅಲ್ಲಲ್ಲಿ ಕೆರೆಗಳೂ ತೋಪುಗಳೂ ಇದ್ದವು ಎಂಬುದು ಅವನ ವರ್ಣನೆ. ನಿಮ್ಮ ಮನೆಯ ಸುತ್ತಮುತ್ತಲಿನ ನೆಲವನ್ನು ತೋರಿಸಿ ಇಷ್ಟನ್ನು ಹೇಳಿದರೆ ಸಾಕು. ಬಿದಿರು, ಮಣ್ಣು, ಮರಗಳ ರಾಜಧಾನಿ ಮಲೆನಾಡಿನ ಮಳೆಯಲ್ಲಿ ಎಷ್ಟು ಕಾಲ ನಿಂತೀತು? 1637ರ ಸುಮಾರಿನಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೈನ್ಯ ದಾಳಿಯಿಟ್ಟಿತು; ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿ ಬಿದನೂರಿಗೆ ಹೊರಟುಹೋಯಿತು. ಕಲ್ಲಿನಲ್ಲಿ ಕಟ್ಟಿದ ದೇವಸ್ಥಾನ ಉಳಿಯಿತು.

ಇನ್ನು ಆ ದೇವಸ್ಥಾನದೊಳಗೇ ಆಡಳಿತದ ಗುರುತೊಂದಿದೆ. ಅದನ್ನು ತೋರಿಸುವವರು ಕಡಿಮೆಯಾದ್ದರಿಂದ ವಿವರವಾಗಿ ಬರೆಯುತ್ತೇವೆ. ನೆಂಟರನ್ನು ಮಂಟಪದ ನಡುಗಂಬಗಳ ನಡುವೆ ನಿಲ್ಲಿಸಿ, ಒಂದು ಕಂಬದಿಂದ ಇನ್ನೊಂದಕ್ಕೆ ನಡೆದು ನೋಡಲು ಹೇಳಿ. ಆ ಅಂತರ 18 ಅಡಿ 6 ಅಂಗುಲ. ಶಿವಪ್ಪ ನಾಯಕನು (ಆಳ್ವಿಕೆ 1645ರಿಂದ 1660) ಭೂಕಂದಾಯದ ‘ಶಿಸ್ತು’, ಅಂದರೆ ದರದ ಕಟ್ಟಳೆ, ಗೊತ್ತುಮಾಡಿದಾಗ ತೋಟದ ಜಮೀನನ್ನು ಅಳೆಯುವ ಕೋಲಿಗೆ ಇದೇ ಉದ್ದವನ್ನು ಪ್ರಮಾಣವಾಗಿ ಇಟ್ಟುಕೊಳ್ಳಲಾಯಿತೆಂದು ಹಳೆಯ ಮೈಸೂರು ಗೆಜೆಟಿಯರು ದಾಖಲಿಸಿದೆ. ಅಳತೆಕೋಲನ್ನು ಯಾವ ಶಾನುಭೋಗನಾದರೂ ಒಂದು ಗೇಣು ಮೊಟಕು ಮಾಡಬಹುದು, ದೇವರ ಮುಂದಿನ ಕಂಬವನ್ನು ಸರಿಸಲಾಗದು. ತಕರಾರು ಬಂದರೆ ನೇರವಾಗಿ ಬಂದು ಅಳೆದುಕೊಳ್ಳಬಹುದಾದ ಅಳತೆ ಅದು. ಅಡಿಕೆ ತೋಟದ ಮನೆಗಳಿಂದ ಬಂದ ನೆಂಟರಿದ್ದರಂತೂ ಅವರು ಅರಮನೆಯನ್ನು ಮರೆತು ಅಲ್ಲಿಯೇ ಲೆಕ್ಕ ಹಾಕತೊಡಗುತ್ತಾರೆ.

ಹಾಗೆಯೇ ನೆಲದ ಕಡೆಗೂ ಗಮನ ಸೆಳೆಯಿರಿ. ದೇವರಿಗೆ ಅಡ್ಡಬಿದ್ದ ಮೂವರು ಕೆಳದಿ ಅರಸರ ಉಬ್ಬುಚಿತ್ರಗಳು ಹಾಸುಗಲ್ಲಿನ ಮೇಲೆ ಹೆಸರಿನ ಸಮೇತ ಇವೆ. ಅವುಗಳಲ್ಲಿ ಹುಚ್ಚ ಸೋಮಶೇಖರನೆಂಬವನ ಕೈಕಾಲುಗಳಿಗೆ ಬೇಡಿ ತೊಡಿಸಿದಂತೆ ಕೆತ್ತಲಾಗಿದೆ. ಗರ್ಭಗುಡಿಯ ವಿಶಾಲವಾದ ಪೀಠದ ಸುತ್ತ 32 ದೇವಿಯರು ಕುಳಿತಿದ್ದಾರೆ. ಎದುರಿನ ಮಂಟಪದ ನಂದಿಯನ್ನು ಯಾರೂ ಹೇಳದಿದ್ದರೂ ಜನ ನೋಡುತ್ತಾರೆ. ಕೊನೆಯದಾಗಿ ಒಂದು ಮಾತು: ಟಂಕಸಾಲೆ ಬಿದನೂರಿಗೆ ಹೋದ ಮೇಲೆಯೂ ಅಲ್ಲಿ ಅಚ್ಚಾದ ನಾಣ್ಯಗಳನ್ನು ಜನರು ‘ಇಕ್ಕೇರಿ ವರಹ’ ಎಂದೇ ಕರೆದರು. ಅರಸರು ಬಿಟ್ಟುಹೋದ ಊರಿನ ಹೆಸರು ಪೇಟೆಯಲ್ಲಿ ಅಷ್ಟು ಕಾಲ ಚಲಾವಣೆಯಲ್ಲಿತ್ತು ಎಂಬುದನ್ನು ನೆಂಟರಿಗೆ ಹೇಳಲು ಮರೆಯಬೇಡಿ.

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳನ್ನು ನಗರದ ಕೋಟೆಗೆ ಕರೆದೊಯ್ಯುತ್ತಿದ್ದೇನೆ. ಹೋದ ವರ್ಷ ಮಕ್ಕಳು ಹತ್ತಿ ಇಳಿದು ಆಟವಾಡಿ ಬಂದರೇ ಹೊರತು ಏನನ್ನೂ ಕಲಿಯಲಿಲ್ಲ. ಗೋಡೆ, ಅಗಳು, ಕೊಳ ಇಷ್ಟನ್ನೇ ಇಟ್ಟುಕೊಂಡು ಒಂದು ರಾಜಧಾನಿಯನ್ನು ಹೇಗೆ ವಿವರಿಸಬೇಕು? (ಹೊಸನಗರದಿಂದ ಶಿಕ್ಷಕರೊಬ್ಬರು)

ಉತ್ತರ: ಈಗ ಕೋಟೆಯೆಂದು ಎಲ್ಲರೂ ನೋಡುವುದು ಊರಿನ ತಿರುಳಷ್ಟೇ ಎಂಬುದನ್ನು ಮಕ್ಕಳಿಗೆ ಮೊದಲು ತಿಳಿಸಿ. ಬಿದನೂರಿನ ಹೊರಗೋಡೆಯ ಸುತ್ತಳತೆ 8 ಮೈಲಿ, ಅಂದರೆ 13 ಕಿಲೋಮೀಟರಿನಷ್ಟು ಇತ್ತೆಂದೂ, ಅದಕ್ಕೆ ಹತ್ತು ಬಾಗಿಲುಗಳಿದ್ದುವೆಂದೂ ಗೆಜೆಟಿಯರು ಹೇಳುತ್ತದೆ. ದಿಲ್ಲಿ ಬಾಗಿಲು, ಕೋಡಿಯಾಲ ಬಾಗಿಲು, ಕವಲೇದುರ್ಗದ ಬಾಗಿಲು ಎಂಬ ಹೆಸರುಗಳು ದೊರೆಯುತ್ತವೆ. ಕೋಡಿಯಾಲವೆಂದರೆ ಮಂಗಳೂರು. ಕೋಟೆಯ ಎತ್ತರದ ಜಾಗದಲ್ಲಿ ಮಕ್ಕಳನ್ನು ನಿಲ್ಲಿಸಿ, ಪಶ್ಚಿಮಕ್ಕೆ ಮುಖ ಮಾಡಿಸಿ, ಹುಲಿಕಲ್ ಘಾಟಿ ಇಳಿದರೆ ಹೊಸಂಗಡಿ, ಮುಂದೆ ಕುಂದಾಪುರದ ಸೀಮೆ, ಅದರಾಚೆ ಸಮುದ್ರ ಎಂದು ತೋರಿಸಿ. ರಾಜಧಾನಿ ಈ ಕಾಡಿನ ನಡುವೆ ಏಕೆ ಬಂತು ಎಂಬ ಪ್ರಶ್ನೆಗೆ ಅಲ್ಲಿಯೇ ಉತ್ತರವಿದೆ. ಮೂಡಣ ಬಯಲಿನಿಂದ ಬರುವ ಕುದುರೆ ದಂಡಿಗೆ ಈ ಜಾಗ ದುರ್ಗಮ. ಕರಾವಳಿಯ ಬಂದರುಗಳಿಗೆ ಇಳಿಯುವ ಘಟ್ಟದ ದಾರಿಯೋ ಕೈಯಳತೆಯಲ್ಲಿದೆ. ಘಟ್ಟದ ಮೇಲಿನ ಕಾಳುಮೆಣಸನ್ನು ಕೊಳ್ಳಲು ಪೋರ್ಚುಗೀಸರು ರಾಯಭಾರಿಯನ್ನೇ ಕಳುಹಿಸುತ್ತಿದ್ದ ಕಾಲ ಅದು. ಶಿವಪ್ಪ ನಾಯಕನು ಇದೇ ಬಿದನೂರಿನಲ್ಲಿ ಕುಳಿತು 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳನ್ನು ಪೋರ್ಚುಗೀಸರಿಂದ ಬಿಡಿಸಿಕೊಂಡನು.

ಆಮೇಲೆ ನೀರು. ಕೋಟೆಯೊಳಗೆ ಅಕ್ಕ-ತಂಗಿಯರ ಕೊಳಗಳೆಂಬ ಜೋಡಿ ಕೊಳಗಳಿವೆ. ನಗರದಿಂದ ಕೆಲವೇ ಕಿಲೋಮೀಟರು ದೂರದ ಬಸವನಬ್ಯಾಣದಲ್ಲಿ ದೇವಗಂಗೆಯ ಕೊಳಗಳಿವೆ. ಗುಡ್ಡದ ಒರತೆಯ ನೀರು ಬೇರೆ ಬೇರೆ ಆಕಾರದ ಕಟ್ಟೆಗಳಿಗೆ ಒಂದರಿಂದೊಂದಕ್ಕೆ ಹರಿಯುತ್ತದೆ. ಮಕ್ಕಳಿಗೆ ಉಪನ್ಯಾಸ ಬೇಡ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವರೇ ಹುಡುಕಿ ನಕ್ಷೆ ಬರೆಯಲಿ.

ಗಣಿತಕ್ಕೂ ಇಲ್ಲಿ ಜಾಗವಿದೆ. ಶಿವಪ್ಪ ನಾಯಕನು ಪ್ರತಿಯೊಂದು ಹಳ್ಳಿಯಲ್ಲಿ ಬಗೆಬಗೆಯ ನೆಲದ ಒಂದೊಂದು ಗದ್ದೆಯನ್ನು ಸರಕಾರದ ಖರ್ಚಿನಲ್ಲಿಯೇ 12 ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಬೆಳೆ, ಅದರ ಬೆಲೆ ಎಲ್ಲವನ್ನೂ ಬರೆದಿಡಿಸಿದನು. ಅವುಗಳ ಸರಾಸರಿ ತೆಗೆದು, 50 ಸೇರಿನ ಖಂಡುಗಕ್ಕೆ ಒಂದು ‘ಹಣ’ದಂತೆ (ಹಣವೆಂದರೆ ಅಂದಿನ ಸಣ್ಣ ಚಿನ್ನದ ನಾಣ್ಯ) ಬೆಲೆ ಕಟ್ಟಿ, ಮೂರರಲ್ಲಿ ಒಂದು ಪಾಲನ್ನು ಸರಕಾರಕ್ಕೆಂದು ಗೊತ್ತುಮಾಡಿದನು. ಒಂದು ಗದ್ದೆಯ ಬೆಳೆಯನ್ನು ಇಷ್ಟು ಖಂಡುಗವೆಂದು ನೀವೇ ಊಹಿಸಿ ಕೊಟ್ಟು, ಕಂದಾಯವೆಷ್ಟೆಂದು ಮಕ್ಕಳಿಂದ ಲೆಕ್ಕ ಮಾಡಿಸಿ. ಅದೂ ಮರಳಿನ ಮೇಲೆ ಬರೆಯಿಸಿ. ಮೇಲೆ ಹೇಳಿದ ದೆಲ್ಲಾ ವಾಲ್ಲೆ, ಇಕ್ಕೇರಿಗೆ ಬರುವ ಘಟ್ಟದ ದಾರಿಯಲ್ಲಿ ದೇವಸ್ಥಾನವೊಂದರ ಜಗಲಿಯ ಮೇಲೆ ಕೆಲವು ಹುಡುಗರು ಗುರುಗಳಿಲ್ಲದೆ ತಾವೇ ರಾಗವಾಗಿ ಮಗ್ಗಿ ಹೇಳಿಕೊಳ್ಳುತ್ತ, ನೆಲದ ಮೇಲೆ ಹರಡಿದ ನಯವಾದ ಮರಳಿನಲ್ಲಿ ಬೆರಳಿನಿಂದ ಅಂಕಿಗಳನ್ನು ಬರೆಯುತ್ತಿದ್ದುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಜಾಗ ತುಂಬಿದರೆ ಮತ್ತಷ್ಟು ಮರಳು ಚೆಲ್ಲಿ ಮುಂದುವರಿಯುತ್ತಿದ್ದರಂತೆ. ನಾಲ್ಕು ಶತಮಾನಗಳ ಹಿಂದಿನ ಮಲೆನಾಡಿನ ಮಕ್ಕಳು ನಮ್ಮ ಕಣ್ಣಿಗೆ ಬೀಳುವುದು ಇಂಥ ಅಪರೂಪದ ಸಾಲುಗಳಲ್ಲಿ ಮಾತ್ರ; ಅದನ್ನು ನಿಮ್ಮ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ.

ಪ್ರಶ್ನೆ: ನಗರದಿಂದ ಕವಲೇದುರ್ಗಕ್ಕೆ ಸುರಂಗವಿದೆಯೆಂದೂ ಅದರಲ್ಲಿ ನಿಧಿಯಿದೆಯೆಂದೂ ಒಬ್ಬರು ನಮಗೆ ವಿವರಿಸಿದರು. ನಿಜವೇ? (ಭದ್ರಾವತಿಯಿಂದ)

ಉತ್ತರ: ಸುರಂಗದ ಕಥೆಯಿಲ್ಲದ ಕೋಟೆಯೇ ನಮ್ಮ ನಾಡಿನಲ್ಲಿಲ್ಲ. ಎರಡು ಕೋಟೆಗಳ ನಡುವೆ ಇರುವುದು ಗುಡ್ಡ, ಕಣಿವೆ, ಹಳ್ಳಗಳು. ಅಷ್ಟು ದೂರದ ಸುರಂಗಕ್ಕೆ ಆಧಾರವೇನೂ ಇಲ್ಲ. ಆದರೆ ಗುಪ್ತದಾರಿಯ ನಿಜವಾದ ಕಥೆಯೊಂದಿದೆ. 1763ರಲ್ಲಿ ಹೈದರಾಲಿಯು ಬಿದನೂರಿನ ಮೇಲೆ ಬಂದಾಗ, ಸೆರೆಯಲ್ಲಿದ್ದ ಹಿಂದಿನ ಮಂತ್ರಿಯೊಬ್ಬನು ಕಾಡಿನೊಳಗಿನ ಕಳ್ಳದಾರಿಯೊಂದನ್ನು ಅವನಿಗೆ ತಿಳಿಸಿದನು. ಸೈನ್ಯದ ಒಂದು ಭಾಗ ಹೊರಗಿನ ಕಾವಲು ಠಾಣೆಗಳ ಮುಂದೆ ಕಾದಾಡುತ್ತಿರುವಾಗಲೇ ಇನ್ನೊಂದು ಭಾಗ ಆ ದಾರಿಯಿಂದ ಊರೊಳಗೆ ನುಗ್ಗಿತು. ರಾಣಿ ವೀರಮ್ಮಾಜಿ ಬಲ್ಲಾಳರಾಯನ ದುರ್ಗಕ್ಕೆ ತಪ್ಪಿಸಿಕೊಂಡು ಹೋದರೂ ಸೆರೆಸಿಕ್ಕಿ ಮಧುಗಿರಿಯಲ್ಲಿ ಬಂಧಿಯಾದಳು. ಊರಿಗೆ ಹೈದರನಗರವೆಂದು ಹೆಸರಾಯಿತು. ಬೊಕ್ಕಸದಲ್ಲಿದ್ದುದೆಲ್ಲ ಅಂದೇ ಗೆದ್ದವರ ಪಾಲಾಯಿತು. ಹೈದರನ ಮುಂದಿನ ಏಳಿಗೆಗೆ ಆ ಐಶ್ವರ್ಯವೇ ಬುನಾದಿಯೆಂದು ಇತಿಹಾಸಕಾರರು ಹೇಳುತ್ತಾರೆ.

ನಿಧಿಯ ಮಾತನ್ನು ಯಾವ ಮಾರ್ಗದರ್ಶಿಯೂ ಆಡಬಾರದು ಎಂದು ಇಲ್ಲಿ ಒತ್ತಿ ಹೇಳುತ್ತೇವೆ. ಆ ಮಾತನ್ನು ನಂಬಿ ರಾತ್ರಿ ಹೊತ್ತು ಹಾರೆ ಹಿಡಿದು ಬರುವವರು ಮಲೆನಾಡಿನ ಎಷ್ಟೋ ಗುಡಿಗಳ ಪೀಠ ಕಿತ್ತು ಹಾಕಿದ್ದಾರೆ. ನಗರ, ಇಕ್ಕೇರಿ, ಕೆಳದಿ, ಕವಲೇದುರ್ಗಗಳು ಕೇಂದ್ರದ ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. 1958ರ ಸ್ಮಾರಕ ಕಾಯಿದೆಯ ಪ್ರಕಾರ ಅವುಗಳಿಗೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು.

ಪ್ರಶ್ನೆ: ಶಿವಮೊಗ್ಗದ ಕೋಟೆ ರಸ್ತೆಯ ಹತ್ತಿರದ ಶಿವಪ್ಪ ನಾಯಕನ ಅರಮನೆಯನ್ನೂ ಈ ಪ್ರವಾಸಕ್ಕೆ ಸೇರಿಸಬೇಕೇ? (ಚಿತ್ರದುರ್ಗದಿಂದ)

ಉತ್ತರ: ಸೇರಿಸಿ, ಆದರೆ ಶಿವಪ್ಪ ನಾಯಕನು ವಾಸಿಸಿದ ಮನೆಯೆಂದು ಅಲ್ಲ. ಹೆಸರು ಅವನದಾದರೂ ತುಂಗೆಯ ದಡದ ಆ ಮರದ ಕಟ್ಟಡ 18ನೆಯ ಶತಮಾನದ್ದು, ಹೈದರಾಲಿಯ ಕಾಲಕ್ಕೆ ಸೇರಿದ್ದು. ಆವರಣದಲ್ಲಿ ತಂದಿರಿಸಿದ ವೀರಗಲ್ಲುಗಳಿಗಾಗಿಯಾದರೂ ಹೋಗಬೇಕು.

ಪ್ರಶ್ನೆ: ನಾನು ಪದವಿ ಮುಗಿಸಿ ಊರಿನಲ್ಲಿಯೇ ಇದ್ದೇನೆ. ಕೆಳದಿ, ಇಕ್ಕೇರಿ, ನಗರ ತೋರಿಸುವ ಮಾರ್ಗದರ್ಶಿಯಾಗಬೇಕೆಂಬ ಆಸೆ. ಹೇಗೆ ಸಿದ್ಧನಾಗಲಿ? (ಸಾಗರದಿಂದ ಯುವಕರೊಬ್ಬರು)

ಉತ್ತರ: ನಿಮ್ಮ ಪತ್ರದಿಂದ ತುಂಬ ಸಂತೋಷವಾಯಿತು. ಪ್ರವಾಸೋದ್ಯಮ ಇಲಾಖೆಯು ಮಾರ್ಗದರ್ಶಿಗಳಿಗೆ ತರಬೇತಿ ಕೊಟ್ಟು ಗುರುತಿನ ಚೀಟಿ ನೀಡುವ ವ್ಯವಸ್ಥೆಯಿದೆ. ಶಿವಮೊಗ್ಗದ ಕಚೇರಿಯಲ್ಲಿ ವಿಚಾರಿಸಿ. ಆದರೆ ನಿಮ್ಮ ಸಿದ್ಧತೆ ಅದಕ್ಕೂ ಮೊದಲೇ ಆರಂಭವಾಗಬೇಕು.

ಇಸವಿಗಳನ್ನು ಓಡೋಡುತ್ತ ಒಪ್ಪಿಸುವ ಮಾರ್ಗದರ್ಶಿಗಳು ಬೇಕಾದಷ್ಟಿದ್ದಾರೆ. ನೀವು ಕಡಿಮೆ ಜಾಗಗಳಲ್ಲಿ ಹೆಚ್ಚು ಹೊತ್ತು ನಿಲ್ಲಿ. ಎದುರಿಗಿರುವ ವಸ್ತುವಿನಿಂದಲೇ ಮಾತು ಶುರುವಾಗಲಿ: ಕಂಬದಿಂದ ಅಳತೆಗೆ, ಅಳತೆಯಿಂದ ತೋಟಕ್ಕೆ, ತೋಟದಿಂದ ಬಂದರಿಗೆ. ಈ ರಾಜ್ಯವನ್ನು ಇನ್ನೂರ ಅರವತ್ತು ವರ್ಷ ನಿಲ್ಲಿಸಿದ್ದು ಕತ್ತಿಯೊಂದೇ ಅಲ್ಲ. ಅಡಿಕೆ, ಮೆಣಸು, ಭತ್ತ, ಅವುಗಳನ್ನು ಹೇರಿಕೊಂಡು ಘಟ್ಟ ಇಳಿಯುತ್ತಿದ್ದ ಎತ್ತುಗಳು. ಕೇಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರೈತಕುಟುಂಬದವರೇ ಆಗಿರುತ್ತಾರೆ, ಅವರಿಗೆ ಇದು ಬೇಗ ಮನಮುಟ್ಟುತ್ತದೆ.

ಶಾಸನದಲ್ಲಿರುವುದನ್ನು ಶಾಸನದ್ದೆಂದೂ, ಊರವರು ಹೇಳುವುದನ್ನು ಪ್ರತೀತಿಯೆಂದೂ ಬೇರೆ ಮಾಡಿ ಹೇಳುವ ಅಭ್ಯಾಸ ಮಾಡಿಕೊಳ್ಳಿ. ಇದರಿಂದ ಕಥೆಯ ಸೊಗಸು ಕಡಿಮೆಯಾಗುವುದಿಲ್ಲ, ನಿಮ್ಮ ಮಾತಿಗೆ ಬೆಲೆ ಹೆಚ್ಚುತ್ತದೆ. ಶಿವಪ್ಪ ನಾಯಕನೊಬ್ಬನನ್ನೇ ಹೊಗಳಿ ಮುಗಿಸಬೇಡಿ. ಚೆನ್ನಮ್ಮಾಜಿ 1672ರಿಂದ 1697ರವರೆಗೆ ಆಳಿದವಳು. ಶಿವಾಜಿಯ ಮಗ ರಾಜಾರಾಮನು ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೋಗುತ್ತಿದ್ದಾಗ ಅವನಿಗೆ ಆಶ್ರಯವಿತ್ತು, ಮೊಗಲರ ಕೋಪವನ್ನು ಎದುರಿಸಿದವಳು. ಹಾಗೆಯೇ ಕಥೆಯನ್ನು 1763ಕ್ಕೆ ನಿಲ್ಲಿಸುವುದೂ ಸರಿಯಲ್ಲವೆಂದು ನಮಗನ್ನಿಸುತ್ತದೆ. 1830-31ರಲ್ಲಿ ಇದೇ ನಗರದ ಸೀಮೆಯ ರೈತರು ಕಂದಾಯದ ಹೊರೆಯ ವಿರುದ್ಧ ದಂಗೆಯೆದ್ದರು. ಬೂದಿ ಬಸವಪ್ಪನು ತಾನೇ ನಗರದ ಸಿಂಹಾಸನದ ಹಕ್ಕುದಾರನೆಂದು ಮುಂದೆ ಬಂದನು. ಆ ದಂಗೆಯನ್ನೇ ಮುಖ್ಯ ಕಾರಣವಾಗಿ ತೋರಿಸಿ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ನ್ಯಾಯವಾದ ಕಂದಾಯಕ್ಕೆ ಹೆಸರಾದ ನೆಲದಲ್ಲಿಯೇ ಅನ್ಯಾಯದ ಕಂದಾಯದ ವಿರುದ್ಧ ಜನ ಎದ್ದುನಿಂತರೆಂಬುದನ್ನು ಕೋಟೆಯ ಮೇಲೆ ನಿಂತು ಹೇಳಿ ನೋಡಿ, ಕೇಳುವವರು ಕದಲುವುದಿಲ್ಲ.

ವಯಸ್ಸಾದವರು ಇದ್ದರೆ ಎಲ್ಲಿ ಕೂರಿಸಬೇಕು, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಶೌಚಾಲಯ ಎಲ್ಲಿದೆ ಎಂಬುದನ್ನು ಅರಸರ ವಂಶಾವಳಿಯಷ್ಟೇ ಚೆನ್ನಾಗಿ ತಿಳಿದುಕೊಂಡಿರಿ. ಸಂಭಾವನೆ ಎಷ್ಟೆಂದು ಹೊರಡುವ ಮೊದಲೇ ಹೇಳಿಬಿಡಿ.

ಪ್ರಶ್ನೆ: ಮಳೆಗಾಲದಲ್ಲಿ ಹಸಿರು ಚೆನ್ನಾಗಿರುತ್ತದೆಂದು ಜುಲೈ ತಿಂಗಳಲ್ಲಿ ನಗರಕ್ಕೆ ಹೋಗಬೇಕೆಂದಿದ್ದೇವೆ. ಕವಲೇದುರ್ಗವನ್ನೂ ಹತ್ತುವ ಯೋಚನೆಯಿದೆ. (ಹಾವೇರಿಯಿಂದ)

ಉತ್ತರ: ನಗರ, ಮಾಸ್ತಿಕಟ್ಟೆ, ಹುಲಿಕಲ್ ಸೀಮೆಯಲ್ಲಿ ಜುಲೈ ಮಳೆಯೆಂದರೆ ಕೊಡೆ ಹಿಡಿದು ನಿಲ್ಲುವ ಮಳೆಯಲ್ಲ. ಮಾರ್ಗದರ್ಶಿಯ ಮಾತೂ ಕೇಳಿಸುವುದಿಲ್ಲ, ಎದುರಿನ ಗೋಡೆಯೂ ಮಂಜಿನಲ್ಲಿ ಕಾಣುವುದಿಲ್ಲ. ನವೆಂಬರಿನಿಂದ ಫೆಬ್ರುವರಿಯವರೆಗಿನ ದಿನಗಳು ಉತ್ತಮ. ಆಗಲೂ ಹಸಿರಿಗೇನೂ ಕೊರತೆಯಿಲ್ಲ. ಮಳೆಗಾಲದಲ್ಲಿಯೇ ಹೋಗಬೇಕಾಗಿ ಬಂದರೆ ಕವಲೇದುರ್ಗವನ್ನು ಬಿಟ್ಟುಬಿಡಿ, ಏಕೆಂದರೆ ಅದರ ಮೂರು ಸುತ್ತಿನ ಕೋಟೆಗೆ ಹತ್ತುವ ಕಲ್ಲುಹಾಸಿನ ದಾರಿ ಹಾವಸೆ ಕಟ್ಟಿ ಜಾರುತ್ತದೆ. ಇಂಬಳಗಳಿಗೆ ಹೆದರಬೇಕಾಗಿಲ್ಲ, ಸುಣ್ಣ, ಹೊಗೆಸೊಪ್ಪಿನ ಪುಡಿ ಅಥವಾ ಉಪ್ಪಿನ ಗಂಟು ಜೊತೆಯಲ್ಲಿರಲಿ, ಕಚ್ಚಿದ್ದನ್ನು ಎಳೆದು ಕೀಳಬೇಡಿ. ದೇವಗಂಗೆಯ ಕೊಳಗಳ ಮೆಟ್ಟಿಲುಗಳನ್ನು ಮಕ್ಕಳು ಇಳಿಯದಂತೆ ಒಬ್ಬರು ಕಾದಿರಲಿ.